ದೇವಿಯರ ದಿನದ ಮಾರಾಟ

ಮಧ್ಯಾಹ್ನ ಹನ್ನೆರಡಕ್ಕೆ ತನ್ನ ಮೇಲಿನ ನಿಷೇಧ ಮುಗಿಯುತ್ತದೆಂಬುದು ಸುಯುನ್‌ಗೆ ಬೆಳಗಿನ ಐದಕ್ಕೇ ನೆನಪಾಗಿ ಎಚ್ಚರವಾಯಿತು. ಮೂವತ್ತು ದಿನ. ಆ್ಯಪ್‌ನವರು ಕಳಿಸಿದ್ದ ಒಂದೂವರೆ ಸಾಲಿನ ನೋಟೀಸನ್ನು ಅವಳು ಎಷ್ಟು ಸಲ ಓದಿದ್ದಳೆಂದರೆ ಅದರಲ್ಲಿ ಅಲ್ಪವಿರಾಮ ಎಲ್ಲಿದೆ ಎಂಬುದೂ ಬಾಯಿಪಾಠವಾಗಿತ್ತು. ಹೆಣ್ಣಿನ ದೇಹದ ಅಸಭ್ಯ ಪ್ರದರ್ಶನ, ವೀಕ್ಷಕರೊಬ್ಬರ ದೂರಿನ ಮೇರೆಗೆ ಮೂವತ್ತು ದಿನ ಲೈವ್‌ನಲ್ಲಿ ಮುಖ ತೋರಿಸುವಂತಿಲ್ಲ. ಆ ದಿನ ಅವಳು ಲೈವ್‌ನಲ್ಲಿ ಫ್ಯಾಕ್ಟರಿಯ ಒಳಉಡುಪು ಮಾರುತ್ತ ಕುತ್ತಿಗೆಯವರೆಗೆ ಮುಚ್ಚುವ ಕಪ್ಪು ಸ್ವೆಟರು ಹಾಕಿ ಅದರ ಮೇಲೆ ಬ್ರಾ ತೊಟ್ಟು ತೋರಿಸಿದ್ದಳು. ಕಾಣುವಂತಿದ್ದದ್ದು ಎರಡು ಅಂಗೈ, ಒಂದು ಮುಖ. ಇಷ್ಟರಲ್ಲಿ ಅಸಭ್ಯವಾದದ್ದು ಯಾವುದು ಎಂದು ಮೊದಲ ವಾರವೆಲ್ಲ ಕನ್ನಡಿಯ ಮುಂದೆ ನಿಂತು ಹುಡುಕಿದಳು. ಎರಡನೆಯ ವಾರ ಹುಡುಕುವುದನ್ನು ಬಿಟ್ಟಳು, ಆದರೆ ಕನ್ನಡಿಯ ಮುಂದೆ ಭುಜ ಸ್ವಲ್ಪ ಮುಂದಕ್ಕೆ ಬಾಗಿಸಿ ನಿಲ್ಲುವ ಅಭ್ಯಾಸ ಮಾತ್ರ ಉಳಿದುಕೊಂಡಿತು. ಪಕ್ಕದಲ್ಲಿ ಗಂಡ ಕಾಯ್‌ಶೆಂಗ್ ಬಾಯಿ ತೆರೆದು ಮಲಗಿದ್ದ. ಅವನ ಎದೆಯ ಮೇಲಿನ ನಾಲ್ಕು ಕೂದಲನ್ನು ಹಿಂದಿನ ಸಂಜೆ ಅವಳೇ ಕೆಲಸದ ನಿಮಿತ್ತ ಬೋಳಿಸಿದ್ದಳು.

ಅಡಿಗೆಮನೆಯಲ್ಲಿ ಅತ್ತೆ ಗಂಜಿಗೆ ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು ಹೆಚ್ಚುತ್ತಿದ್ದರು. ಉಪ್ಪಿನ ಬಾತುಮೊಟ್ಟೆಯನ್ನು ಎರಡು ಹೋಳು ಮಾಡಿ ಹಳದಿಯನ್ನು ಮಗನ ಬಟ್ಟಲಿಗೆ ಹಾಕಿ ಬಿಳಿಯದನ್ನು ಸೊಸೆಗೆ ಕೊಟ್ಟರು. ಮೂರು ವರ್ಷ ಇದೇ ಅತ್ತೆ ಓಣಿಯವರಿಗೆಲ್ಲ ಸೊಸೆ ಫ್ಯಾಕ್ಟರಿಯ ಆಫೀಸಿನಲ್ಲಿ ಗುಮಾಸ್ತೆ ಎಂದು ಹೇಳಿಕೊಂಡು ಬಂದವರು. ಹಬ್ಬದಲ್ಲಿ ಹಿರಿಯರಿಗೆ ಊದಿನಕಡ್ಡಿ ಹಚ್ಚುವಾಗಲೂ, ಸತ್ತ ಮಾವನಿಗೆ ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದೋ ಏನೋ, ಆ ಗುಮಾಸ್ತಿಕೆಯನ್ನೇ ಒಪ್ಪಿಸುತ್ತಿದ್ದರು. ಈಗ ಆ ತೊಂದರೆ ಇರಲಿಲ್ಲ.

"ಬೇಗ ಹೊರಡ್ರೋ," ಅಂದರು ಅತ್ತೆ. "ಮೂರು ಗಂಟೆಗೆ ಆಚೆಮನೆ ಅಕ್ಕಂದಿರೆಲ್ಲ ಬರ್ತಾರೆ ಫೋನಲ್ಲಿ ನಿನ್ನ ನೋಡೋಕೆ. ಟೀಗೆ ನೀರಿಡ್ಬೇಕು ನಾನು."

"ಬರ್ಲಿ ಬಿಡಮ್ಮ," ಅಂದ ಕಾಯ್‌ಶೆಂಗ್ ಗಂಜಿ ಹೀರುತ್ತ.

"ಆ ಕೆಂಪು ನೈಟಿ ಹಾಕ್ಕೊಳೋ ಮಗಾ. ನಿಂಗೆ ಕೆಂಪು ಒಪ್ಪುತ್ತೆ. ಅವತ್ತು ಹಳದೀದು ಹಾಕ್ಕೊಂಡಾಗ ಸಪ್ಪಗೆ ಕಾಣ್ತಿದ್ದೆ."

ಸುಯುನ್ ಬಿಳಿ ಮೊಟ್ಟೆಯನ್ನು ಗಂಜಿಯೊಳಗೆ ಮುಳುಗಿಸಿದಳು. ನಗು ಬರಬೇಕಿತ್ತು, ಬರಲಿಲ್ಲ.

ಫ್ಯಾಕ್ಟರಿಗೆ ಹೋಗುವ ಹಾದಿಯಲ್ಲಿ ಅವಳು ಗಂಡನ ಬ್ಯಾಟರಿ ಸ್ಕೂಟರಿನ ಹಿಂದೆ ಕೂತು ಎರಡೂ ಬದಿಯ ಜಾಹೀರಾತು ಫಲಕಗಳ ಹೆಂಗಸರನ್ನು ನೋಡುತ್ತ ಹೋದಳು. ಬಟ್ಟೆ ಒಗೆಯುವ ಪುಡಿಯ ಹೆಂಗಸು ಗಂಡನ ಅಂಗಿಯನ್ನು ಮೂಸಿ ಕಣ್ಣು ಮುಚ್ಚಿದ್ದಳು. ಹಾಲಿನ ಪುಡಿಯ ಹೆಂಗಸು ಹೆತ್ತು ಮೂರು ದಿನವಾದವಳ ಹಾಗೆ ಎಲ್ಲಿಂದಲೂ ಕಾಣುತ್ತಿರಲಿಲ್ಲ. ಸೋಯಾ ಸಾಸಿನ ಹೆಂಗಸು ಹದಿನೈದು ವರ್ಷದಿಂದ ಅದೇ ಮೇಜಿನ ಪಕ್ಕ ನಿಂತು ಮೂವರಿಗೆ ಬಡಿಸುತ್ತಿದ್ದಳು, ಒಂದು ದಿನವೂ ಕೂತಿರಲಿಲ್ಲ. ಮಾರ್ಚ್ ಎಂಟರ ದಿನವಾದ್ದರಿಂದ ಈ ಎಲ್ಲರ ತಲೆಯ ಮೇಲೂ ಗುಲಾಬಿ ಬಣ್ಣದ ಪಟ್ಟಿ ಅಂಟಿಸಿದ್ದರು: ದೇವೀ, ಇಂದು ನಿನ್ನ ದಿನ. ಸುಯುನ್ ಸಣ್ಣವಳಿದ್ದಾಗ ಇದಕ್ಕೆ ದುಡಿಯುವ ಹೆಣ್ಣುಮಕ್ಕಳ ದಿನ ಎಂದು ಹೆಸರಿತ್ತು. ಅಮ್ಮನಿಗೆ ಹೊಲಿಗೆಯ ಕಾರ್ಖಾನೆಯಲ್ಲಿ ಅರ್ಧ ದಿನ ರಜೆಯೂ ಒಂದು ಟವಲ್ಲೂ ಸಿಗುತ್ತಿದ್ದವು. ದೇವಿಯಾದ ಮೇಲೆ ರಜೆ ನಿಂತಿತು. ಇಪ್ಪತ್ತೆರಡನೆಯ ವಯಸ್ಸಿಗೆ ಅವಳು ಬ್ರಾ ಡಬ್ಬಿಯ ಚಿತ್ರಕ್ಕೆಂದು ಮೊದಲ ಸಲ ಕ್ಯಾಮೆರಾದ ಮುಂದೆ ನಿಂತಾಗ ಫೋಟೋದವನು ಹೇಳಿದ್ದು ಮೂರೇ ಮಾತು, ಬೆಳ್ಳಗೆ, ಎಳೆಯದಾಗಿ, ತೆಳ್ಳಗೆ. ಆಮೇಲೆ ಚಿತ್ರವನ್ನು ಗದ್ದದಿಂದ ಮೇಲಕ್ಕೆ ಕತ್ತರಿಸಿದ್ದ. ಆ ಡಬ್ಬಿ ನಾಲ್ಕು ವರ್ಷ ದೇಶವೆಲ್ಲ ಓಡಾಡಿತು, ಯಾರೂ ಗುರುತು ಹಿಡಿಯಲಿಲ್ಲ. ಲೈವ್ ಬಂದ ಮೇಲೇ ಅವಳಿಗೊಂದು ತಲೆ ಬಂದದ್ದು. ಜನ ಹೆಸರು ಹಿಡಿದು ಕರೆದರು, ಯುನ್ ಅಕ್ಕ, ದಪ್ಪ ಇದ್ದವರಿಗೆ ಯಾವುದು ಆಗುತ್ತೆ, ಎದೆಹಾಲು ಕುಡಿಸೋರಿಗೆ ಯಾವುದು, ಕೆಳಗಿನ ತಂತಿ ಚುಚ್ಚುತ್ತಾ. ಅವಳು ನಿಜ ಹೇಳುತ್ತಿದ್ದಳು. ಚುಚ್ಚುವುದಾದರೆ ಚುಚ್ಚುತ್ತೆ ಅನ್ನುತ್ತಿದ್ದಳು. ಅದು ಅವಳಿಗೆ ಬಲು ಇಷ್ಟದ ಕೆಲಸವಾಗಿತ್ತು.

ನಿಷೇಧ ಬಂದ ಮಾರನೆಯ ದಿನ ಮಾಲೀಕ ಯಾವೊ ಮೊದಲು ಪ್ಲಾಸ್ಟಿಕ್ ಗೊಂಬೆಗೆ ತೊಡಿಸಿ ನೋಡಿದ. ಗೊಂಬೆಯನ್ನು ನೋಡಲು ಯಾರೂ ಬರಲಿಲ್ಲ. ಬೇರೆ ಹುಡುಗಿಯನ್ನು ನಿಲ್ಲಿಸಿದ, ಅವಳ ಲೈವನ್ನು ಆ್ಯಪ್‌ನವರು ಒಂಬತ್ತು ನಿಮಿಷಕ್ಕೇ ಮುಚ್ಚಿದರು. ಆಗ ಊರಿನ ಇನ್ನೆರಡು ಫ್ಯಾಕ್ಟರಿಗಳಲ್ಲಿ ಮಾಡಿದ್ದನ್ನೇ ತಾನೂ ಮಾಡಿದ. ಪ್ಯಾಕಿಂಗ್ ವಿಭಾಗದಲ್ಲಿ ತೆಳ್ಳಗೆ ಬೆಳ್ಳಗಿದ್ದ ಗಂಡಸೊಬ್ಬನನ್ನು ಕರೆದು ಬ್ರಾ ತೊಡಿಸಿ ನಿಲ್ಲಿಸಿದ. ಗಂಡಸಿನ ಎದೆಯಲ್ಲಿ ಅಸಭ್ಯ ಏನೂ ಇಲ್ಲವೆಂದು ಆ್ಯಪ್ ಒಪ್ಪಿತು. ಆ ಗಂಡಸು ಕಾಯ್‌ಶೆಂಗ್ ಆಗಿದ್ದ. ಅವನಿಗೆ ಮಾತು ಬಾರದು, ಬಟ್ಟೆಯ ಬಗ್ಗೆ ಗೊತ್ತಿಲ್ಲ. ಆದ್ದರಿಂದ ಅವನ ಕಿವಿಯೊಳಗೆ ಕಾಣದಂಥ ಇಯರ್‌ಫೋನು ಸಿಕ್ಕಿಸಿ, ಸುಯುನ್‌ಳನ್ನು ಕ್ಯಾಮೆರಾದ ಪಕ್ಕ ರಟ್ಟಿನ ಪೆಟ್ಟಿಗೆಯ ಮೇಲೆ ಕೂರಿಸಿದರು. ಅವಳು ಪಿಸುಗುಟ್ಟಬೇಕು, ಅವನು ಗಟ್ಟಿಯಾಗಿ ಹೇಳಬೇಕು. ಮೈ ಅವನದು, ಅದಕ್ಕೇನನಿಸುತ್ತದೆ ಎಂಬುದು ಅವಳದು.

ಅವರು ಫ್ಯಾಕ್ಟರಿ ತಲುಪಿದಾಗ ಯಾವೊ ಬೆಳಿಗ್ಗೆಯ ಟೀ ತಟ್ಟೆಯ ಮುಂದೆ ಕೂತಿದ್ದ. ಬೆರಳ ತುದಿಯಷ್ಟು ಬಟ್ಟಲಿಗೆ ಟೀ ಬಗ್ಗಿಸಿ ಅವಳ ಕಡೆ ತಳ್ಳಿದ.

"ಯಜಮಾನ್ರೇ, ಇವತ್ತು ಹನ್ನೆರಡಕ್ಕೆ ನಂದು ಬಿಡುಗಡೆ," ಅಂದಳು.

"ಗೊತ್ತಮ್ಮ, ನಾನೂ ಕ್ಯಾಲೆಂಡರ್ ನೋಡಿದೀನಿ."

"ಹಂಗಾದ್ರೆ ಮೂರು ಗಂಟೆ ಲೈವ್ ನಾನೇ..."

"ನೋಡು ಸುಯುನ್, ನೀನು ಬುದ್ಧಿವಂತೆ, ನಿಂಗೆ ಬಿಡಿಸಿ ಹೇಳ್ಬೇಕಾ? ಇವತ್ತು ದೇವಿಯರ ದಿನ. ಇಂಥ ದಿನ ಹೆಂಗಸನ್ನ ನಿಲ್ಸಿ ಲೈವ್ ರೂಮು ಮುಚ್ಚಿಸ್ಕೊಂಡ್ರೆ ನಾನು ಬೀದಿಗೆ ಬರ್ತೀನಿ."

"ಅವ್ನಿಗೆ ಬ್ರಾ ಕಪ್ಪಿನ ಅಳತೆ ಅಂದ್ರೇನು ಅಂತ್ಲೇ ಗೊತ್ತಿಲ್ಲ."

"ನಿಂಗೆ ಗೊತ್ತಲ್ಲ, ಸಾಕು." ಯಾವೊ ಇನ್ನೊಂದು ಬಟ್ಟಲು ಬಗ್ಗಿಸಿದ. "ಒಂದು ಮಾತು ಹೇಳ್ತೀನಿ, ಆಮೇಲೆ ಮೋಸ ಅನ್ಬೇಡ. ಇವತ್ತು ಹತ್ತು ಸಾವಿರ ಆರ್ಡರ್ ದಾಟಿದ್ರೆ ಕಾಯ್‌ಶೆಂಗೇ ಖಾಯಂ, ನೀನು ಹೇಳ್ಕೊಡೋದು ಖಾಯಂ. ದಾಟ್ಲಿಲ್ಲ ಅಂದ್ರೆ ನಾಳೆಯಿಂದ ನೀನೇ ನಿಂತ್ಕೋ, ಆದದ್ದಾಗ್ಲಿ. ಯಾರು ನಿಂತ್ರೂ ದುಡ್ಡು ಮನೆಗೆ ತಾನೆ ಬರೋದು?"

ಮನೆಗೆ ತಾನೆ. ಅವಳು ಟೀ ಕುಡಿದು ಬಟ್ಟಲನ್ನು ತಟ್ಟೆಯಲ್ಲಿಟ್ಟಳು. ಅವರ ಇಲ್ಲಿಯವರೆಗಿನ ಅತಿ ದೊಡ್ಡ ಲೈವ್ ಏಳು ಸಾವಿರವನ್ನೂ ಮುಟ್ಟಿರಲಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಫೋನು ಮಿಡಿಯಿತು. ನಿಮ್ಮ ಮುಖವನ್ನು ಮರಳಿ ಕೊಡಲಾಗಿದೆ, ಸಭ್ಯವಾಗಿ ಬಳಸಿ ಎಂಬರ್ಥದ ಸಂದೇಶ ಬಂದಿತ್ತು. ಅವಳು ಅದನ್ನು ಯಾರಿಗೂ ತೋರಿಸದೆ ಕಾಯ್‌ಶೆಂಗ್‌ನನ್ನು ಎದೆಗೆ ಪೌಡರು ಹಚ್ಚಿಸಿಕೊಳ್ಳಲು ಬಿಟ್ಟು ಎದುರಿನ ಶಾವಿಗೆ ಅಂಗಡಿಗೆ ಹೋದಳು. ಅಲ್ಲಿ ರುಯಿಫೆನ್ ಕೂತಿದ್ದಳು. ರುಯಿಫೆನ್ ರಸ್ತೆಯಾಚೆಯ ಫ್ಯಾಕ್ಟರಿಯ ಲೈವ್ ಹುಡುಗಿಯಾಗಿದ್ದವಳು, ಕಳೆದ ಚಳಿಗಾಲದಲ್ಲಿ ಅವಳ ಲೈವ್ ರೂಮು ಮುಚ್ಚಿಹೋಗಿ ಈಗ ಹೊಲಿಗೆ ಯಂತ್ರದ ಮುಂದೆ ಕೂರಿಸಿದ್ದರು. ಮುಚ್ಚಿಸಿದವಳು ಸುಯುನ್. ಒಂದು ಸಂಜೆ ತನ್ನ ರೂಮಿನಲ್ಲಿ ಮುನ್ನೂರು ಜನವೂ ರುಯಿಫೆನ್‌ಳ ರೂಮಿನಲ್ಲಿ ನಾಲ್ಕು ಸಾವಿರ ಜನವೂ ಇದ್ದಾಗ, ಯಾವುದೋ ಹಳೆಯ ನಂಬರಿನಿಂದ ಒಳಹೊಕ್ಕು, ಮೂಲೆಯ ದೂರಿನ ಸಣ್ಣ ಬಾಣವನ್ನೊತ್ತಿ, ಅಸಭ್ಯ ಎಂಬುದನ್ನು ಆರಿಸಿ, ಸಲ್ಲಿಸು ಎಂದಿದ್ದಳು. ನಾಲ್ಕು ಸೆಕೆಂಡಿನ ಕೆಲಸ. ಮಾರನೆಯ ದಿನ, ಸಮಾಜವನ್ನು ಶುಚಿಯಾಗಿಡಲು ನೆರವಾದದ್ದಕ್ಕೆ ಧನ್ಯವಾದ ಎಂದು ಉತ್ತರವೂ ಬಂದಿತ್ತು.

"ಬಾ ಅಕ್ಕ, ಕೂತ್ಕೋ," ಅಂದಳು ರುಯಿಫೆನ್ ಸ್ಟೂಲು ಎಳೆದು. "ನಿನ್ನೆ ನಿಮ್ಮೋರದ್ದು ನೋಡ್ದೆ. ನಂಗಿಂತ ಚೆನ್ನಾಗಿ ಕಾಣ್ತಾರೆ ಕಣಕ್ಕ."

"ಅವ್ರಮ್ಮನೂ ಹಂಗೇ ಅಂತಾರೆ."

"ಸೊಂಟ ಎಷ್ಟು ಸಣ್ಣ ಅಂತೀನಿ. ನಮ್ಮ ಲೈನ್‌ನಲ್ಲಿ ಎಲ್ರೂ ಮಿಷನ್ ನಿಲ್ಸಿ ನೋಡಿದ್ರು. ಅದ್ಸರಿ, ನಿಂದು ಯಾರು ದೂರು ಕೊಟ್ಟಿದ್ದು, ಗೊತ್ತಾಯ್ತಾ?"

"ಇಲ್ಲ."

"ನಂದೂ ಗೊತ್ತಾಗ್ಲಿಲ್ಲ. ಸಿಕ್ಕಿದ್ರೆ ಒಂದು ಟೀ ಕುಡಿಸ್ತೀನಿ ಅವ್ರಿಗೆ. ದಿನಾ ಹೊಟ್ಟೆ ಒಳಗೆಳ್ಕೊಂಡು ನಿಲ್ಲೋದು ತಪ್ತು. ಈಗ ನೋಡು, ಎರಡು ಪ್ಲೇಟ್ ಶಾವಿಗೆ ತಿಂತೀನಿ." ಅವಳು ನಕ್ಕಳು. ನಗುವಾಗ ಎಡಗೈ ಸೊಂಟದ ಮೇಲಿತ್ತು, ಇಡೀ ದಿನ ಬಗ್ಗಿ ಹೊಲಿಯುವವರು ಇಟ್ಟುಕೊಳ್ಳುವ ಹಾಗೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದೆಂದು ಸುಯುನ್ ತೋಳುಗಳನ್ನು ಮೇಜಿನ ಮೇಲಿಟ್ಟು ಶಾವಿಗೆ ತಿಂದಳು. ರುಚಿ ತಿಳಿಯಲಿಲ್ಲ. ಇವಳಿಗೆ ಗೊತ್ತಿದೆಯೋ, ಗೊತ್ತಿದ್ದೇ ಹೀಗೆ ಕುಟುಕುತ್ತಿದ್ದಾಳೋ, ಇವಳೇ ತನ್ನ ಮೇಲೂ ಬಾಣ ಒತ್ತಿದ್ದಾಳೋ ಎಂದು ಮೂವತ್ತು ದಿನದಿಂದ ಯೋಚಿಸಿದ್ದನ್ನೇ ಇನ್ನೊಮ್ಮೆ ಯೋಚಿಸಿದಳು. ರುಯಿಫೆನ್ ಒತ್ತಿದ್ದರೆ ಅದು ನ್ಯಾಯ. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಾಗಬಹುದಿತ್ತು. ಅವಳು ಒಳಗೊಳಗೇ ಅದನ್ನೇ ಬಯಸುತ್ತಿದ್ದಳು.

ಎರಡೂವರೆಗೆ ಬಟ್ಟೆ ಬದಲಿಸುವ ಪರದೆಯ ಹಿಂದೆ ಕಾಯ್‌ಶೆಂಗ್ ಅವಳಿಗೆ ಬೆನ್ನು ಹಾಕಿ ನಿಂತಿದ್ದ. ಕೆಂಪು ನೈಟಿಯ ಒಳಗೆ ಅದೇ ಬಣ್ಣದ ಬ್ರಾ. ಅವಳು ಹಿಂದಿನ ಕೊಕ್ಕೆ ಹಾಕುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಇದೇ ಕೊಕ್ಕೆಗಳನ್ನು ಬಿಚ್ಚಲು ಬಾರದೆ ಅವನು ಬೆವರಿದ್ದು ನೆನಪಾಗಿ, ನೆನಪಾದದ್ದಕ್ಕೆ ಸಿಟ್ಟು ಬಂತು.

"ಕೊನೇ ಸಾಲಿಗೆ ಹಾಕು, ಉಸಿರು ಕಟ್ಟುತ್ತೆ," ಅಂದ.

"ನಾನು ಮೂರು ವರ್ಷ ಮೊದಲ್ನೇ ಸಾಲಿಗೇ ಹಾಕ್ಕೊಂಡು ನಿಂತಿದ್ದೆ."

"ಯುನ್."

"ಹೂಂ."

"ದೂರು ಕೊಟ್ಟೋರು ಯಾರು ಅಂತ ಇನ್ನೂ ಹುಡುಕ್ತಿದೀಯಾ?"

"ಯಾಕೆ?"

"ಹುಡುಕ್ಬೇಡ. ನಾನೇ ಒತ್ತಿದ್ದು."

ಒಂದು ಕೊಕ್ಕೆ ಬಾಕಿಯಿತ್ತು. ಅವಳು ಅದನ್ನೂ ಹಾಕಿದಳು.

"ಅಮ್ಮ ಮೂರು ದಿನ ಊಟ ಬಿಟ್ಟಿದ್ಲು," ಅಂದ ಅವನು ಪರದೆಗೆ ಹೇಳುವವನ ಹಾಗೆ. "ಓಣಿಯಲ್ಲಿ ಯಾರೋ ನಿನ್ನ ಲೈವ್ ತೋರ್ಸಿದ್ರಂತೆ. ನಿಂಗೆ ಬಿಡು ಅಂದ್ರೆ ನೀನು ಬಿಡ್ತಿದ್ಯಾ? ಒಂದ್ವಾರ ಮುಚ್ತಾರೆ, ಅಮ್ಮ ತಣ್ಣಗಾಗ್ತಾಳೆ, ಹಾವೂ ಸಾಯಲ್ಲ ಕೋಲೂ ಮುರಿಯಲ್ಲ ಅಂದ್ಕೊಂಡೆ. ಮೂವತ್ತು ದಿನ ಅಂತ ಯಾರಿಗ್ಗೊತ್ತಿತ್ತು? ಆಮೇಲೆ ನನ್ನನ್ನೇ ಕರೀತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?"

"ಈಗ್ಯಾಕೆ ಹೇಳ್ತಿದೀಯ?"

"ಖಾಯಂ ಆಗೋಕ್ಮುಂಚೆ ಹೇಳ್ಬಿಡೋಣ ಅನ್ನಿಸ್ತು. ಮನಸಿಗೆ ಒಂಥರಾ ಆಗ್ತಿತ್ತು."

ಮನಸಿಗೆ ಒಂಥರಾ. ಅವಳ ಮನಸ್ಸಿಗೆ ಒಂಥರಾ ಅಲ್ಲ, ನೇರವಾಗಿ ಉರಿಯಾಯಿತು. ಇವನು ಮಂಚದಲ್ಲಿ ಮಲಗಿ ಒತ್ತಿದನೇ, ಪ್ಯಾಕಿಂಗ್ ಮೇಜಿನ ಮುಂದೆ ನಿಂತು ಒತ್ತಿದನೇ, ಒತ್ತುವ ಮುಂಚೆ ಎಷ್ಟು ಹೊತ್ತು ತನ್ನನ್ನು ನೋಡಿದನೋ. ಅಸಭ್ಯ ಎಂಬ ಪದವನ್ನು ಪಟ್ಟಿಯಿಂದ ಆರಿಸಬೇಕಾಗುತ್ತದೆ, ಅದು ತಾನಾಗಿ ಬರುವುದಿಲ್ಲ, ಅವಳಿಗದು ಚೆನ್ನಾಗಿ ಗೊತ್ತು. ಬೈಯಲು ಬಾಯಿ ತೆರೆದರೆ ಅಡ್ಡ ಬಂದದ್ದು ತನ್ನದೇ ಬೆರಳು. ರುಯಿಫೆನ್ ಕಣ್ಣ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. ತಾನು ಒತ್ತಿದ್ದು ಹೊಟ್ಟೆಕಿಚ್ಚಿಗೆ, ಇವನು ಒತ್ತಿದ್ದು ತಾಯಿಯ ಊಟಕ್ಕೆ, ತೂಗಿ ನೋಡಿದರೆ ಇವನದೇ ಮೇಲು ಎಂದು ಊರಿನ ಯಾವ ಹಿರಿಯರೂ ತೀರ್ಪು ಕೊಟ್ಟಾರು. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ನೈಟಿಯ ಭುಜದ ಪಟ್ಟಿಯನ್ನು ಸರಿಮಾಡಿ, "ನಡಿ, ಹೊತ್ತಾಯ್ತು," ಅಂದಳು.

ಮೂರಕ್ಕೆ ದೀಪಗಳು ಹತ್ತಿದವು. ಗುಲಾಬಿ ಪರದೆಯ ಮುಂದೆ ಕಾಯ್‌ಶೆಂಗ್, ಪಕ್ಕದಲ್ಲಿ ಬಿಳಿ ಬೋರ್ಡು ಹಿಡಿದ ಯಾವೊ, ರಟ್ಟಿನ ಪೆಟ್ಟಿಗೆಯ ಮೇಲೆ ಮಾತು ಬರೆದ ಕಾಗದವೂ ಸಣ್ಣ ಮೈಕೂ ಹಿಡಿದ ಸುಯುನ್. ಅವಳು ಪಿಸುಗುಟ್ಟಿದಳು, ಅವನು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಒಪ್ಪಿಸಿದ. ಬಂಧುಗಳೇ, ಇದು ಮಲ್ಬೆರಿ ರೇಷ್ಮೆಯ ಹಾಗೇ ಇರುವ ಬಟ್ಟೆ. ಬಂಧುಗಳೇ, ಇದರ ತಂತಿ ಚುಚ್ಚೋದಿಲ್ಲ. ಚುಚ್ಚುತ್ತಿತ್ತು, ಎಡಗಡೆ ಕಂಕುಳ ಕೆಳಗೆ, ಅವಳಿಗೆ ಗೊತ್ತಿತ್ತು. ಅವನಿಗೆ ಅಲ್ಲಿ ಏನೂ ಇಲ್ಲದ್ದರಿಂದ ಚುಚ್ಚಲಿಲ್ಲ. ಲೈವ್‌ನ ಪದ್ಧತಿಯೆಂದರೆ ಐದು ನಿಮಿಷಕ್ಕೊಮ್ಮೆ ಎಲ್ಲವನ್ನೂ ಮೊದಲಿನಿಂದ ಹೇಳುವುದು, ಏಕೆಂದರೆ ಅಷ್ಟರಲ್ಲಿ ಹಳಬರು ಹೋಗಿ ಹೊಸಬರು ಬಂದಿರುತ್ತಾರೆ. ಒಂದು ಗಂಟೆಯಲ್ಲಿ ಹನ್ನೆರಡು ಸಲ ಹೇಳಿದ್ದಾಯಿತು. ಬೋರ್ಡಿನ ಮೇಲೆ ಯಾವೊ ಎರಡು ಸಾವಿರದ ನೂರು ಎಂದು ಬರೆದ. ಸಂಜೆ ಆರಕ್ಕೆ ಮುಗಿಯಬೇಕು. ಹೀಗೇ ಸಾಗಿದರೆ ಹತ್ತು ಸಾವಿರ ದೂರದ ಮಾತು, ಅವಳು ಬೇರೇನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಕಾಗದದಲ್ಲಿದ್ದದ್ದನ್ನು ಓದುತ್ತಿದ್ದರೆ ನಾಳೆ ಅವಳ ಮುಖ ಅವಳದಾಗುತ್ತಿತ್ತು.

ಆದರೆ ಅವನ ಮುಖ ನಿರಾಳವಾಗಿತ್ತು. ಹೇಳಿಬಿಟ್ಟವನ ಮುಖ. ಹೊರೆ ಇಳಿಸಿ ಅವಳ ತಲೆಗಿಟ್ಟು, ತಾನು ಬೆಳಗಿಗಿಂತ ಚೆನ್ನಾಗಿ ನಗುತ್ತ ನಿಂತಿದ್ದ. ಆ ನಗುವನ್ನು ನೋಡಲಾಗಲಿಲ್ಲ ಅವಳಿಗೆ. ಕಾಗದವನ್ನು ಮಡಿಚಿ ತೊಡೆಯ ಮೇಲಿಟ್ಟಳು.

"ಬಂಧುಗಳೇ, ಈ ಜಾಗದಲ್ಲಿ ಮುಂಚೆ ನನ್ನ ಹೆಂಡ್ತಿ ನಿಲ್ತಿದ್ಲು," ಎಂದು ಪಿಸುಗುಟ್ಟಿದಳು.

"ಬಂಧುಗಳೇ, ಈ ಜಾಗದಲ್ಲಿ ಮುಂಚೆ ನನ್ನ ಹೆಂಡ್ತಿ ನಿಲ್ತಿದ್ಲು," ಅಂದ ಅವನು. ಅಭ್ಯಾಸಬಲ.

"ನನಗಿಂತ ಚೆನ್ನಾಗಿ ಹೇಳ್ತಿದ್ಲು."

"ನನಗಿಂತ ಚೆನ್ನಾಗಿ ಹೇಳ್ತಿದ್ಲು."

"ಅವಳು ಅಸಭ್ಯ ಅಂತ ದೂರು ಕೊಟ್ಟು ಮುಚ್ಚಿಸಿದ್ದು ನಾನೇ."

"ಅವಳು ಅಸಭ್ಯ ಅಂತ..." ಅವನು ನಿಂತ. ಕ್ಯಾಮೆರಾದ ಮೇಲಿಂದ ಅವಳನ್ನು ನೋಡಿದ. ಕಿವಿ ಕೆಂಪಾಗಿ ಆಮೇಲೆ ಕುತ್ತಿಗೆಯೂ ಕೆಂಪಾಯಿತು. ಯಾವೊ ಬೋರ್ಡು ಕೆಳಗಿಳಿಸಿದ. ಮೂರು ಸಾವಿರ ಜನ ನೋಡುತ್ತಿದ್ದರು, ಮನೆಯಲ್ಲಿ ಟೀ ಬಟ್ಟಲ ಸುತ್ತ ಅತ್ತೆಯೂ ಓಣಿಯ ಅಕ್ಕಂದಿರೂ ನೋಡುತ್ತಿದ್ದರು. ಅವಳು ಅದೇ ಮಾತನ್ನು ಇನ್ನೊಮ್ಮೆ, ಅಷ್ಟೇ ಮೆಲ್ಲಗೆ ಹೇಳಿಕೊಟ್ಟಳು.

"ದೂರು ಕೊಟ್ಟು ಮುಚ್ಚಿಸಿದ್ದು ನಾನೇ," ಅಂದ ಕಾಯ್‌ಶೆಂಗ್, ಸ್ವರ ಒಡೆದು.

ಒಂದು ಕ್ಷಣ ಫೋನಿನ ಪರದೆಯ ಮೇಲೆ ಏನೂ ಬರಲಿಲ್ಲ. ಆಮೇಲೆ ಕಾಮೆಂಟುಗಳು ಮಳೆಹುಳುಗಳ ಹಾಗೆ ಎದ್ದವು. ಹಹಹಹ. ಅಣ್ಣ ಮಾಡಿದ್ದುಣ್ಣುತ್ತಿದ್ದಾರೆ. ಕತೆ ಬರೆದವರು ಯಾರು, ಚೆನ್ನಾಗಿದೆ. ನಾಚಿಕೊಂಡ್ರು ನೋಡಿ. ನನ್ನ ಗಂಡನಿಗೂ ತೋರಿಸ್ತೀನಿ. ಪ್ರಾಯಶ್ಚಿತ್ತಕ್ಕೆ ಕೆಂಪು ಬಣ್ಣದ್ದು ಎರಡು ಕೊಡಿ. ಯಾರೋ ಆ ತುಣುಕನ್ನು ಕತ್ತರಿಸಿ ಹಂಚಿದರು. ಮೂರು ಸಾವಿರವಿದ್ದದ್ದು ಹನ್ನೊಂದು ಸಾವಿರ ಜನವಾಯಿತು. ಯಾವೊ ಬೋರ್ಡಿನ ಮೇಲಿನ ಸಂಖ್ಯೆ ಒರೆಸುವಷ್ಟರಲ್ಲಿ ಮತ್ತೆ ಒರೆಸಬೇಕಾಗುತ್ತಿತ್ತು. ಕೊನೆಗೆ ಸಂಖ್ಯೆ ಬಿಟ್ಟು ದೊಡ್ಡ ಅಕ್ಷರದಲ್ಲಿ ಬರೆದು ಅವಳ ಕಡೆಗೆ ಹಿಡಿದ: ಹೆಂಡ್ತಿ ಕತೆ ಇನ್ನೊಂದ್ಸಲ. ಹೊಸಬರು ಬಂದಿದ್ದಾರೆ.

ಅವಳು ಇನ್ನೊಂದು ಸಲ ಹೇಳಿಕೊಟ್ಟಳು. ಎರಡನೆಯ ಸಲವೂ ಅವನ ಸ್ವರ ಒಡೆಯಿತು. ಮೂರನೆಯ ಸಲ ಅಷ್ಟು ಒಡೆಯಲಿಲ್ಲ. ಐದನೆಯ ಸಲಕ್ಕೆ, ಅಸಭ್ಯ ಎನ್ನುವ ಮುಂಚೆ ಎಷ್ಟು ಹೊತ್ತು ತಡೆದರೆ ಜನಕ್ಕೆ ಹಿಡಿಸುತ್ತದೆಂದು ಅವನಿಗೆ ತಿಳಿದುಹೋಗಿತ್ತು. ಏಳನೆಯ ಸಲ ಅವಳು ಬಾಯಿ ತೆರೆಯುವ ಮುಂಚೆಯೇ ತಾನಾಗಿ ಶುರುಮಾಡಿ, ಕೊನೆಗೆ ತಲೆ ತಗ್ಗಿಸಿ ನೈಟಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡ. ಅದು ಅವಳು ಹೇಳಿಕೊಟ್ಟದ್ದಲ್ಲ. ಅದನ್ನು ನೋಡುತ್ತ ಅವಳಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು, ಏಕೆಂದರೆ ಅಷ್ಟೊಂದು ಚೆನ್ನಾಗಿ ಅಭಿನಯಿಸುತ್ತಿದ್ದ ಅವನ ಮೇಲೆ ಒಂದು ಕ್ಷಣ ಕೆಲಸಗಾರ್ತಿಯ ಮೆಚ್ಚುಗೆಯೂ ಮೂಡಿತ್ತು. ಐದೂಕಾಲಿಗೆ ಹತ್ತು ಸಾವಿರ ದಾಟಿತು. ಯಾವೊ ಹೆಬ್ಬೆರಳೆತ್ತಿ ತೋರಿಸಿದ, ಗಂಡನಿಗೊಂದು, ಅವಳಿಗೊಂದು.

ಆಗ ಯಾರೋ ಕೇಳಿದರು, ಅಣ್ಣ, ಹೆಂಡ್ತಿ ಕ್ಷಮಿಸಿದ್ಳಾ? ಆ ಪ್ರಶ್ನೆ ಹಿಡಿದು ಇನ್ನೂ ನೂರು ಜನ ಕೇಳಿದರು. ಪರದೆ ತುಂಬ ಅದೇ. ಇದಕ್ಕೆ ಉತ್ತರ ಯಾವ ಕಾಗದದಲ್ಲೂ ಇರಲಿಲ್ಲ. ಕಾಯ್‌ಶೆಂಗ್ ಕ್ಯಾಮೆರಾದ ಮೇಲಿಂದ ಅವಳ ಕಡೆ ನೋಡಿ ಹೇಳಿಕೊಡಲೆಂದು ಕಾದ. ಒಂದು ತಿಂಗಳಿಂದ ಅವನು ಅವಳ ಬಾಯನ್ನು ನೋಡಿದಷ್ಟು ಮದುವೆಯಾದಂದಿನಿಂದ ನೋಡಿರಲಿಲ್ಲ.

ಅವಳು ಮೈಕನ್ನು ತುಟಿಯ ಹತ್ತಿರಕ್ಕೆ ತಂದುಕೊಂಡಳು.

"ಇಲ್ಲ," ಅಂದಳು. "ಇಲ್ಲ ಅಂತ ಹೇಳು. ಯಾವತ್ತೂ ಇಲ್ಲ ಅಂತ ಹೇಳು."

ಅವನಿಗೆ ಕೇಳಿಸಿತು. ಕೇಳಿಸಿದ್ದು ಅವನ ಕಣ್ಣಲ್ಲಿ ಅವಳಿಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಅವನು ಕಣ್ಣನ್ನು ಅವಳಿಂದ ಕ್ಯಾಮೆರಾಕ್ಕೆ ಇಳಿಸಿಕೊಂಡು, ಭುಜದ ಪಟ್ಟಿ ಸರಿಮಾಡಿಕೊಂಡ.

"ಕ್ಷಮಿಸಿದ್ಳು ಬಂಧುಗಳೇ," ಅಂದ. "ಹೇಳಿದ ತಕ್ಷಣ ಕ್ಷಮಿಸಿದ್ಳು. ಒಂದು ಮಾತೂ ಆಡ್ಲಿಲ್ಲ ಪಾಪ."